‘ಇವತ್ತು ಚುಚ್ಚುಮದ್ದಿದೆ’: ಲಸಿಕೆ–ಆಟಿಸಂ ಭಯದ ಮುಂದೆ ಒಂದು ಸಲಹೆಯ ಮಿತಿ

ಲಸಿಕೆಗೆ ಹಿಂದೇಟು ಹಾಕುವ ತಂದೆತಾಯಿಯರೊಡನೆ ವೈದ್ಯರು ಹೇಗೆ ಮಾತಾಡಬೇಕು? ಅಮೆರಿಕದ ಮಕ್ಕಳ ವೈದ್ಯರಲ್ಲಿ ಈಗ ಬಹುವಾಗಿ ಕೇಳಿಬರುವ ಸಲಹೆ: ಕೇಳಬೇಡಿ, ಹೇಳಿ. ‘ಚುಚ್ಚುಮದ್ದಿನ ವಿಷಯ ಏನು ಮಾಡೋಣ ಅಂತೀರಿ?’ ಎನ್ನುವುದಕ್ಕಿಂತ ‘ಇವತ್ತು ದಡಾರದ ಚುಚ್ಚುಮದ್ದಿದೆ’ ಎಂದು ಶುರುಮಾಡುವುದು ಮೇಲು ಎಂಬ ಈ ನಿಲುವಿಗೆ ಮುಖ್ಯ ಆಧಾರ, ಡಗ್ಲಸ್ ಓಪೆಲ್ ಮತ್ತು ಸಂಗಡಿಗರು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಸಾಮಾನ್ಯ ಹಿಂಜರಿಕೆಯ ಮಟ್ಟಿಗೆ ಈ ಸಲಹೆಯನ್ನು ಒಪ್ಪಬಹುದು. ಆಟಿಸಂ ಭಯಕ್ಕೂ ಅದನ್ನೇ ಹಿಗ್ಗಿಸುವುದಕ್ಕೆ ನನ್ನ ತಕರಾರಿದೆ.

ಲಸಿಕೆಯಿಂದ ಆಟಿಸಂ ಬರುತ್ತದೆಯೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಆ ನಂಟನ್ನು ಸೂಚಿಸಿದ, ಹನ್ನೆರಡು ಮಕ್ಕಳ ವಿವರವಿದ್ದ ಆಂಡ್ರ್ಯೂ ವೇಕ್‌ಫೀಲ್ಡ್‌ನ 1998ರ ಲೇಖನವನ್ನು ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ನೋಂದಣಿಯಿಂದ ಆತನ ಹೆಸರು ಹೋಯಿತು. ಜಪಾನಿನಲ್ಲಿ 1993ರಲ್ಲೇ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆ ನಿಂತಿದ್ದರೂ ಯೊಕೊಹಾಮಾದಲ್ಲಿ ಆಟಿಸಂ ಪ್ರಕರಣಗಳು ಏರುತ್ತಲೇ ಹೋದವು. ಡೆನ್ಮಾರ್ಕಿನ 6,57,461 ಮಕ್ಕಳನ್ನು ಗಮನಿಸಿದ 2019ರ ಅಧ್ಯಯನಕ್ಕೂ ಅಂಥ ಸಂಬಂಧ ಕಾಣಲಿಲ್ಲ.

ಓಪೆಲ್ ತಂಡ ಸಿಯಾಟಲ್ ಪ್ರದೇಶದ ಹದಿನಾರು ವೈದ್ಯಸಿಬ್ಬಂದಿಯ 111 ಭೇಟಿಗಳನ್ನು ವಿಡಿಯೊದಲ್ಲಿ ದಾಖಲಿಸಿತು. ಪ್ರಶ್ನೆ ಹಾಕಿ ಶುರುಮಾಡಿದ ಕಡೆ 83 ಶೇಕಡಾ ಪೋಷಕರು ವಿರೋಧದ ಮಾತಾಡಿದರು. ನೇರವಾಗಿ ಹೇಳಿದ ಕಡೆ 26 ಶೇಕಡಾ ಮಾತ್ರ. ಅಂತರ ದೊಡ್ಡದು. ಆದರೆ ಯಾವ ಪೋಷಕರಿಗೆ ಯಾವ ಧಾಟಿ ಎಂಬುದನ್ನು ಚೀಟಿ ಎತ್ತಿ ಹಂಚಿರಲಿಲ್ಲ, ವೈದ್ಯರೇ ಆರಿಸಿಕೊಂಡಿದ್ದರು. ಹಿಂದಿನ ಭೇಟಿಯಲ್ಲೇ ಮುಖ ಸಿಂಡರಿಸಿದ್ದ ತಾಯಿಯೊಡನೆ ಯಾವ ವೈದ್ಯರಾದರೂ ಮೆತ್ತಗೆ, ಪ್ರಶ್ನೆಯ ದನಿಯಲ್ಲೇ ಮಾತು ತೆಗೆದಾರು. ಹಾಗಿದ್ದರೆ ವಿರೋಧಕ್ಕೆ ಪ್ರಶ್ನೆ ಕಾರಣವೋ, ನಿರೀಕ್ಷಿತ ವಿರೋಧವೇ ಪ್ರಶ್ನೆಗೆ ಕಾರಣವೋ? ಪೋಷಕರ ಹಿಂಜರಿಕೆಯ ಮಟ್ಟವನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ನಿಜ. ಆದರೆ ಪ್ರಶ್ನಾವಳಿಯ ಅಂಕಕ್ಕೆ ವೈದ್ಯರ ಹಳೆಯ ಪರಿಚಯ ಪೂರ್ತಿ ಸಿಕ್ಕುವುದಿಲ್ಲ. 2015ರಲ್ಲಿ ಇದೇ ತಂಡ ಇನ್ನೊಂದು ಸಂಗತಿಯನ್ನು ಸೇರಿಸಿತು: ಪ್ರಶ್ನೆಯಿಂದ ಶುರುವಾದ ಭೇಟಿಗಳಲ್ಲಿ ಲಸಿಕೆಗೆ ಒಪ್ಪಿದವರು ಕಡಿಮೆ, ಭೇಟಿ ಚೆನ್ನಾಗಿತ್ತು ಎಂದವರು ಹೆಚ್ಚು. ಈ ಎರಡನೆಯ ಅರ್ಧ ಸಲಹೆಯ ರೂಪ ತಾಳುವಷ್ಟರಲ್ಲಿ ಉದುರಿಹೋಗಿರುತ್ತದೆ.

ಆಟಿಸಂ ಮಾತನ್ನೇ ಎತ್ತಬಾರದು ಎನ್ನುವವರು ಬ್ರೆಂಡನ್ ನೈಹನ್ ತಂಡದ 2014ರ ಪ್ರಯೋಗವನ್ನು ಮುಂದಿಡುತ್ತಾರೆ. ತಪ್ಪುಕಲ್ಪನೆಯನ್ನು ತಿದ್ದಿದಾಗ ಅದು ಕಡಿಮೆಯಾಯಿತು. ಆದರೆ ಲಸಿಕೆಯ ಬಗ್ಗೆ ಮೊದಲೇ ಅಸಮಾಧಾನವಿದ್ದವರಲ್ಲಿ ಹಾಕಿಸುವ ಇಚ್ಛೆ ಇನ್ನೂ ಕುಗ್ಗಿತು. ಅಲ್ಲಿದ್ದ 1,759 ಪೋಷಕರು ಅಂತರ್ಜಾಲದಲ್ಲಿ ಬರಹ ಓದಿ ಉತ್ತರ ಕೊಟ್ಟವರು. ಎದುರಿಗೆ ವೈದ್ಯರಿರಲಿಲ್ಲ, ಮಡಿಲಲ್ಲಿ ಮಗುವೂ ಇರಲಿಲ್ಲ.

ಹೆಚ್ಚು ಗಮನ ಸಲ್ಲಬೇಕಾದದ್ದು ಅಂಜಲಿ ಜೈನ್ ಮತ್ತು ಸಂಗಡಿಗರ 2015ರ ಅಧ್ಯಯನಕ್ಕೆ. ಅಣ್ಣ ಅಕ್ಕಂದಿರಿರುವ 95,727 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅದು, ಹಿರಿಯ ಮಗುವಿಗೆ ಆಟಿಸಂ ಇರುವ ಮನೆಗಳಲ್ಲೂ ಎಂಎಂಆರ್ ಅಪಾಯವನ್ನು ಹೆಚ್ಚಿಸುವುದಿಲ್ಲ ಎಂದು ತೋರಿಸಿತು. ಅದರ ಹೆಸರು ಕೇಳಿಬರುವುದು ಈ ಫಲಿತಾಂಶಕ್ಕಾಗಿಯೇ. ನಮ್ಮ ಪ್ರಶ್ನೆಗೆ ಬೇಕಾದದ್ದು ಅದರ ಇನ್ನೊಂದು ಅಂಕಿ: ಎರಡು ವರ್ಷ ತುಂಬುವ ಹೊತ್ತಿಗೆ ಇತರ ಮನೆಗಳಲ್ಲಿ 84 ಶೇಕಡಾ ಮಕ್ಕಳಿಗೆ ಎಂಎಂಆರ್ ಆಗಿದ್ದರೆ, ಆಟಿಸಂ ಇರುವ ಮಗುವಿನ ತಮ್ಮ ತಂಗಿಯರಲ್ಲಿ 73 ಶೇಕಡಾಕ್ಕೆ ಮಾತ್ರ ಆಗಿತ್ತು. ಇವರ ಭಯ ವದಂತಿಯಿಂದಷ್ಟೇ ಬಂದದ್ದೆನ್ನಲಾಗದು. ಕಲಿತ ನಾಲ್ಕು ಮಾತುಗಳೂ ಹಿರಿಯ ಮಗುವಿನ ಬಾಯಿಂದ ಮಾಯವಾದದ್ದನ್ನು ಕಂಡಿರಬಹುದಾದ ಮನೆಯಲ್ಲಿ ‘ಇವತ್ತು ಚುಚ್ಚುಮದ್ದಿದೆ’ ಎಂದು ಶುರುಮಾಡಿದರೆ, ಕಂಡದ್ದನ್ನು ಹೇಳಿಕೊಳ್ಳಲೂ ಎಡೆಯಿಲ್ಲದಂತಾಗುತ್ತದೆ.

ಹಾಗಾಗಿ ಇಂಥ ಪೋಷಕರೊಡನೆ ಮಾತು ಲಸಿಕೆಯಿಂದಲ್ಲ, ಎದುರಿಗಿರುವ ಮಗುವಿನ ಬೆಳವಣಿಗೆಯಿಂದ ಶುರುವಾಗಬೇಕು ಎಂಬುದು ನನ್ನ ವಾದ: ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ ಎಂದು ನೋಡಿ, ಬರೆದಿಟ್ಟು, ಆಮೇಲೆ ಲಸಿಕೆಯನ್ನು ಅಳುಕಿಲ್ಲದೆ ಶಿಫಾರಸು ಮಾಡುವುದು. ಇದನ್ನು ಸಾಬೀತಾದ ವಿಧಾನವೆಂದು ನಾನು ಮಂಡಿಸುತ್ತಿಲ್ಲ. ಮೇಲಿನ ಅಂಕಿಗಳು ಇದಕ್ಕೆ ಎಡೆಕೊಡುತ್ತವೆ, ಅಷ್ಟೇ. ಸೂಜಿಗೆ ಮುಂಚೆ ಬೆಳವಣಿಗೆಯ ಪರೀಕ್ಷೆ ಮಾಡಿದರೆ ಎರಡಕ್ಕೂ ನಂಟಿದೆ ಎಂದು ವೈದ್ಯರೇ ಸೂಚಿಸಿದಂತಾಗಬಹುದು. ಈ ಆಕ್ಷೇಪ ಹಗುರವಾದದ್ದಲ್ಲ. 18 ಮತ್ತು 24ನೇ ತಿಂಗಳಲ್ಲಿ ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಶಿಫಾರಸಾಗಿರುವ ಆಟಿಸಂ ತಪಾಸಣೆಯಂತೆ, ಇದನ್ನೂ ಪ್ರತಿ ಮಗುವಿಗೆ ರೂಢಿ ಮಾಡಿದರೆ ಆ ಅಪಾಯ ತಗ್ಗೀತು. ಜೊತೆಗೆ, ಸಂವಾದ ತರಬೇತಿಯ ಬಗ್ಗೆಯೇ ಹೆಚ್ಚಿನ ನಿರೀಕ್ಷೆ ಸಲ್ಲದು: ವಾಷಿಂಗ್ಟನ್ ರಾಜ್ಯದ 56 ಚಿಕಿತ್ಸಾಲಯಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೈದ್ಯರಿಗೆ ಕೊಟ್ಟ ತರಬೇತಿ ತಾಯಂದಿರ ಹಿಂಜರಿಕೆಯನ್ನು ತಗ್ಗಿಸಲಿಲ್ಲ.

ಕರ್ನಾಟಕಕ್ಕೆ ಈ ವಾದ ಎಷ್ಟು ಹೊಂದೀತು ಎಂಬುದು ಬೇರೆ ಪ್ರಶ್ನೆ. ನಮ್ಮ ಸರ್ಕಾರಿ ಕಾರ್ಯಕ್ರಮದ ಎಂಆರ್ ಲಸಿಕೆಯಲ್ಲಿ ಮಂಗನಬಾವಿನ ಅಂಶವೇ ಇಲ್ಲ. ಆದರೂ 2017ರ ಫೆಬ್ರವರಿಯಲ್ಲಿ ಅದರ ಅಭಿಯಾನ ಶುರುವಾದಾಗ ವಾಟ್ಸ್ಆ್ಯಪ್ ವದಂತಿಗಳು ಇಲ್ಲಿಯೂ ಹಬ್ಬಿದವು. ಎರಡನೆಯ ಡೋಸು ಬೀಳುವುದು 16ರಿಂದ 24 ತಿಂಗಳೊಳಗೆ, ಮಗುವಿನ ಮಾತು ನಿಂತಿತೆಂದು ಮನೆಯವರಿಗೆ ಅನುಮಾನ ಮೂಡುವ ಹೊತ್ತಿಗೇ. ಆದರೆ ಅಂಗನವಾಡಿಯ ಲಸಿಕಾ ದಿನದಲ್ಲಿ ಸೂಜಿ ಹಾಕುವವರು ಆರೋಗ್ಯ ಸಹಾಯಕಿ. ಬಾಗಿಲಲ್ಲಿ ಸರದಿ ನಿಂತಿರುತ್ತದೆ. ಬೆಳವಣಿಗೆಯ ಆ ಮಾತನ್ನು ಅವರೇ ಆಡಬೇಕೋ, ಅದಕ್ಕೂ ಮುಂಚೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯೋ ಎಂಬುದು ಸಿಯಾಟಲ್‌ನ ವಿಡಿಯೊಗಳಿಂದ ತೀರ್ಮಾನವಾಗುವಂಥದ್ದಲ್ಲ. ಇಲ್ಲಿಯ ಲಸಿಕಾ ದಿನಗಳನ್ನೇ ಕೂತು ಗಮನಿಸಬೇಕಾಗಿದೆ.