ಮೂಕಿ ಚಿತ್ರಕ್ಕೂ ಪಾಠಾಂತರಗಳಿವೆ

ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ 'ಮೆಟ್ರೊಪೊಲಿಸ್' 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡಾಗ ಅದರ ಉದ್ದ 4,189 ಮೀಟರ್. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ತೆರೆಗೆ ಬಂದಾಗ 3,241 ಮೀಟರ್. ಅಷ್ಟರೊಳಗೆ ಅಮೆರಿಕದ ಪ್ಯಾರಾಮೌಂಟ್ ಕಂಪನಿ ಚಾನಿಂಗ್ ಪೊಲಾಕ್ ಎಂಬ ನಾಟಕಕಾರನಿಂದ ಕಥೆಯನ್ನೇ ತಿದ್ದಿಸಿ ಕತ್ತರಿ ಆಡಿಸಿತ್ತು. ಹೆಲ್ ಎಂಬ ಹೆಸರು ಅಮೆರಿಕನ್ನರಿಗೆ ನರಕವನ್ನು ನೆನಪಿಸೀತೆಂದು ಆ ಹೆಣ್ಣಿನ ಪ್ರಸಂಗವನ್ನೇ ತೆಗೆದುಹಾಕಿದರು. ವಿಜ್ಞಾನಿ ರೋಟ್‌ವಾಂಗ್‌ಗೂ ನಗರದ ಒಡೆಯ ಫ್ರೆಡರ್ಸನ್‌ಗೂ ಹಗೆ ಹುಟ್ಟಿದ್ದೇ ಅವಳ ಕಾರಣಕ್ಕೆ. ಅವಳು ಹೋದ ಮೇಲೆ ಯಂತ್ರಮಾನವಿಯನ್ನು ರೋಟ್‌ವಾಂಗ್ ಯಾಕೆ ಸೃಷ್ಟಿಸಿದ ಎನ್ನುವುದಕ್ಕೆ ತಲೆಬುಡವಿಲ್ಲದಾಯಿತು. 'ನೋಟ ಅದ್ಭುತ, ಕಥೆ ಪೊಳ್ಳು' ಎಂದು ದಶಕಗಟ್ಟಲೆ ತೀರ್ಪು ಕೊಟ್ಟವರು ನೋಡಿದ್ದು ಈ ಮೊಟಕು ಪ್ರತಿಗಳನ್ನು.

ಮೂಕಿ ಚಿತ್ರಗಳು ಕಳೆದುಹೋದ ಬಗೆ ಒಂದೇ ಅಲ್ಲ. ನೈಟ್ರೇಟ್ ಫಿಲ್ಮಿಗೆ ಬೆಂಕಿ ಹತ್ತಿದರೆ ನೀರೊಳಗೆ ಮುಳುಗಿಸಿದರೂ ಆರದು; ಬೆಂಕಿ ಬೀಳದಿದ್ದರೂ ಕಾಲಕ್ರಮದಲ್ಲಿ ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಟಾಕಿ ಬಂದ ಮೇಲೆ ಮೂಕಿಗೆ ಮಾರುಕಟ್ಟೆ ಉಳಿಯಲಿಲ್ಲ. ರೀಲು ಕರಗಿಸಿ ಬೆಳ್ಳಿ ತೆಗೆಯುವುದೇ ಲಾಭವೆನಿಸಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ.

1930ರ ದಶಕದಲ್ಲಿ ಹುಟ್ಟಿದ ಚಿತ್ರ ಭಂಡಾರಗಳಿಗೆ, ಅಂದರೆ ನ್ಯೂಯಾರ್ಕಿನಲ್ಲಿ ಐರಿಸ್ ಬ್ಯಾರಿ, ಪ್ಯಾರಿಸ್ಸಿನಲ್ಲಿ ಆನ್ರಿ ಲಾಂಗ್ಲ್ವಾ ಅವರ ಪೀಳಿಗೆಗೆ, ಸಿಕ್ಕಿದ್ದನ್ನು ಕೂಡಿಡುವುದೇ ದೊಡ್ಡ ಕೆಲಸ. ಕೈಗೆ ಬಂದ ಪ್ರಿಂಟೇ ಚಿತ್ರ. ಅದನ್ನು ಬೆಂಕಿ ಹತ್ತದ ಸೇಫ್ಟಿ ಫಿಲ್ಮಿಗೆ ನಕಲು ಮಾಡಿದರೆ ಉಳಿಸಿದಂತೆ. ಮೂಕಿ ಕಾಲದಲ್ಲಿ ಒಂದೇ ಚಿತ್ರಕ್ಕೆ ಎರಡು ಮೂರು ನೆಗೆಟಿವ್ ಇರುತ್ತಿದ್ದವು, ದೇಶಕ್ಕೊಂದು, ವಿದೇಶಕ್ಕೊಂದು. ಒಂದರಲ್ಲಿದ್ದ ಟೇಕ್ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹಾಗಿರುವಾಗ 'ಮೂಲ' ಯಾವುದು ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಬಂದದ್ದು ಬಹಳ ತಡವಾಗಿ.

ಹಲವು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಪಂಪನ ಪಾಠ ನಿರ್ಣಯಿಸಿದ ನಮ್ಮ ಗ್ರಂಥಸಂಪಾದಕರ ಕೆಲಸವನ್ನೇ ಮ್ಯೂನಿಕ್ ಚಿತ್ರ ಸಂಗ್ರಹಾಲಯದ ಎನ್ನೊ ಪಟಾಲಾಸ್ 1980ರ ದಶಕದಲ್ಲಿ 'ಮೆಟ್ರೊಪೊಲಿಸ್'ಗೆ ಮಾಡಿದರು. ಅವರಿಗೆ ದಾರಿ ತೋರಿಸಿದ್ದು ಫಿಲ್ಮಿಗಿಂತ ಕಾಗದ. ಜರ್ಮನ್ ಸೆನ್ಸಾರ್ ಕಾರ್ಡಿನಲ್ಲಿ ದೃಶ್ಯಗಳ ನಡುವಿನ ಅಕ್ಷರಫಲಕಗಳೆಲ್ಲ ಸಾಲುಸಾಲಾಗಿ ದಾಖಲಾಗಿದ್ದವು. ಗಾಟ್‌ಫ್ರೀಡ್ ಹುಪರ್ಟ್ಸ್‌ನ ಸಂಗೀತ ಪ್ರತಿಯಲ್ಲಿ, ತೆರೆಯ ಮೇಲೆ ಏನಾದಾಗ ಯಾವ ಸ್ವರ ಎಂಬ ಸಾವಿರಕ್ಕೂ ಹೆಚ್ಚು ಸೂಚನೆಗಳಿದ್ದವು. ಇವೆರಡನ್ನು ಹೊಂದಿಸಿದರೆ ಇಲ್ಲದ ದೃಶ್ಯ ಎಲ್ಲಿತ್ತು, ಎಷ್ಟು ಹೊತ್ತಿನದು ಎಂಬ ಅಂದಾಜು ಸಿಗುತ್ತದೆ.

ಅದೇ ದಶಕದಲ್ಲಿ, 1984ರಲ್ಲಿ, ಸಂಗೀತ ನಿರ್ದೇಶಕ ಜಾರ್ಜಿಯೊ ಮೊರೊಡರ್ ಚಿತ್ರಕ್ಕೆ ಬಣ್ಣ ಬಳಿದು, ಫ್ರೆಡ್ಡಿ ಮರ್ಕ್ಯುರಿಯ ಹಾಡು ಸೇರಿಸಿ ಬಿಡುಗಡೆ ಮಾಡಿದರು. ವಿದ್ವಾಂಸರು ಮೂಗು ಮುರಿದರು. ನಾನು ಅಷ್ಟು ಕಠೋರನಾಗಲಾರೆ. ಒಂದು ಇಡೀ ತಲೆಮಾರು ಈ ಚಿತ್ರದ ಹೆಸರು ಕೇಳಿದ್ದು ಆ ಪಾಪ್ ಆವೃತ್ತಿಯಿಂದಲೇ.

2001ರಲ್ಲಿ ಮುರ್ನಾವ್ ಪ್ರತಿಷ್ಠಾನಕ್ಕಾಗಿ ಮಾರ್ಟಿನ್ ಕೋರ್ಬರ್ ಮಾಡಿದ ಪುನಃಸ್ಥಾಪನೆಯಲ್ಲಿ ಕಂಪ್ಯೂಟರ್ ಬಂತು. ಸಿಕ್ಕ ಪ್ರತಿಗಳಲ್ಲಿ ಅತ್ಯುತ್ತಮವಾದ ತುಣುಕನ್ನೇ ಆರಿಸಿ, ಗೀರು ಅಳಿಸಿ, ಅಲುಗಾಟ ನಿಲ್ಲಿಸಿದರು. ಇಲ್ಲದ ದೃಶ್ಯಗಳ ಜಾಗದಲ್ಲಿ ಅವು ಏನಾಗಿದ್ದವೆಂದು ಬರಹದಲ್ಲಿ ತಿಳಿಸಿದರು. ಇನ್ನು ಸಿಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು.

ಆದರೆ ಸಿಕ್ಕಿತು. ಅರ್ಜೆಂಟೀನಾದ ವಿತರಕ ಅಡಾಲ್ಫೊ ವಿಲ್ಸನ್ ಕತ್ತರಿ ಬೀಳುವ ಮೊದಲಿನ ಉದ್ದನೆಯ ಪ್ರಿಂಟನ್ನೇ ಬ್ಯೂನಸ್ ಐರಿಸ್‌ಗೆ ಒಯ್ದಿದ್ದ. ಅದು ಒಬ್ಬ ವಿಮರ್ಶಕನ ಸಂಗ್ರಹ ಸೇರಿ, ಮುಂದೆ ಸರ್ಕಾರಿ ಕಲಾನಿಧಿಯ ಕೈಗೆ ಬಂತು. ಬೆಂಕಿಯ ಭಯದಿಂದ ಅದನ್ನು 16 ಮಿಲಿಮೀಟರ್‌ಗೆ ಇಳಿಸಿ ನಕಲು ಮಾಡಿದ ಮೇಲೆ ನೈಟ್ರೇಟ್ ಮೂಲ ಉಳಿಯಲಿಲ್ಲ. ಹಿಂದೊಮ್ಮೆ ಚಿತ್ರ ಪ್ರದರ್ಶಿಸಿದ್ದ ಸಿನಿಮಾ ಕ್ಲಬ್‌ನವರೊಬ್ಬರು ಅದು ಎರಡು ಗಂಟೆಗೂ ಹೆಚ್ಚು ನಡೆಯಿತೆಂದು ಹೇಳಿದ ಮಾತು ಇತಿಹಾಸಕಾರ ಫರ್ನಾಂಡೊ ಪೆನ್ಯಾ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಜಗತ್ತಿಗೆಲ್ಲ ಮೊಟಕಾದ ಚಿತ್ರ ಇಲ್ಲಿ ಮಾತ್ರ ಅಷ್ಟುದ್ದ ಹೇಗಾಯಿತು? 2008ರಲ್ಲಿ ಅಲ್ಲಿನ ಸಿನಿಮಾ ಮ್ಯೂಸಿಯಂ ನಿರ್ದೇಶಕಿ ಪೌಲಾ ಫೆಲಿಕ್ಸ್ ದಿದಿಯೆರ್ ಜೊತೆ ಕೂತು ಡಬ್ಬಿ ತೆರೆದರೆ, ಜಗತ್ತು ಹುಡುಕುತ್ತಿದ್ದ ಸುಮಾರು 25 ನಿಮಿಷ ಅಲ್ಲಿತ್ತು.

ಮೂಲ ಪ್ರಿಂಟಿನ ಗೀರುಗಳು ನಕಲು ಮಾಡುವಾಗ ಚಿತ್ರದೊಳಗೇ ಅಚ್ಚಾಗಿದ್ದರಿಂದ ಯಾವ ಸಾಫ್ಟ್‌ವೇರ್‌ಗೂ ಪೂರ್ತಿ ಬಗ್ಗಲಿಲ್ಲ. ಫ್ರೇಮಿನ ಅಂಚೂ ಒಂದಿಷ್ಟು ಹೋಗಿತ್ತು. 2010ರ ಫೆಬ್ರವರಿ 12ರಂದು ಬರ್ಲಿನ್ನಿನಲ್ಲಿ ಹುಪರ್ಟ್ಸ್‌ನ ಸಂಗೀತದೊಂದಿಗೆ ತೋರಿಸಿದ ಆವೃತ್ತಿಯಲ್ಲಿ ಈ ಭಾಗಗಳು ಮಳೆ ಸುರಿದಂತೆ ಗೀರು ಹೊತ್ತು, ಅಂಚಿನಲ್ಲಿ ಕಪ್ಪು ಪಟ್ಟಿ ಉಳಿಸಿಕೊಂಡೇ ಬರುತ್ತವೆ. ಇಡೀ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ನಿರ್ಧಾರ ಇದೇ ಎಂಬುದು ನನ್ನ ಎಣಿಕೆ: ಯಾವುದು ಎಲ್ಲಿಂದ ಬಂತೆಂದು ಪ್ರೇಕ್ಷಕನಿಗೆ ಕಾಣುತ್ತದೆ. ಕಪ್ಪು ಪಟ್ಟಿಯ ಜಾಗಕ್ಕೆ ಊಹೆಯ ಚಿತ್ರ ಬಿಡಿಸಿ ತುಂಬುವ ಆಮಿಷ ಇಂದು ಇನ್ನೂ ಹೆಚ್ಚು. ರೋಟ್‌ವಾಂಗ್ ಮತ್ತು ಫ್ರೆಡರ್ಸನ್ ನಡುವಿನ ಹೊಡೆದಾಟವೂ ಸೇರಿ ಕೆಲವು ದೃಶ್ಯಗಳು ಇನ್ನೂ ಬರಹದಲ್ಲಷ್ಟೇ ಇವೆ.

ಎಲ್ಲ ಚಿತ್ರಕ್ಕೂ ಮೊದಲ ಪ್ರದರ್ಶನದ ಪ್ರತಿಯಂಥ ಒಂದೇ ಗುರಿ ಇರುವುದಿಲ್ಲ. ಆಬೆಲ್ ಗಾನ್ಸ್ ತನ್ನ 'ನೆಪೋಲಿಯನ್' (1927) ಚಿತ್ರವನ್ನು ಆಮೇಲೂ ಕತ್ತರಿಸುತ್ತ, ಜೋಡಿಸುತ್ತ ಹೋದ. ಶಾಲಾ ಹುಡುಗನಾಗಿದ್ದಾಗ 9.5 ಮಿಲಿಮೀಟರ್ ತುಣುಕು ಕಂಡು ಮರುಳಾದ ಕೆವಿನ್ ಬ್ರೌನ್‌ಲೊ ಅದನ್ನು ಜೋಡಿಸುವುದಕ್ಕೆ ದಶಕಗಳನ್ನು ಸವೆಸಿದರು. 2024ರಲ್ಲಿ ಜಾರ್ಜ್ ಮೂರಿಯೆ ಪ್ಯಾರಿಸ್ಸಿನಲ್ಲಿ ಸುಮಾರು ಏಳು ಗಂಟೆಯ ಮತ್ತೊಂದು ಪಾಠ ತಂದರು. ಎರಡೂ ಸರಿ ಎನ್ನಬೇಕಾಗುತ್ತದೆ. ಡ್ರೇಯರ್‌ನ 'ಜೋನ್ ಆಫ್ ಆರ್ಕ್'ನದು ಬರೀ ಅದೃಷ್ಟ: ನೆಗೆಟಿವ್ ಸುಟ್ಟುಹೋದ ಆ ಚಿತ್ರದ ಉತ್ತಮ ಪ್ರತಿ 1981ರಲ್ಲಿ ಓಸ್ಲೊದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು.

ನಮ್ಮಲ್ಲೂ ಪಾಠದ ಜಗಳವಿದೆ. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ನಾಲ್ಕು ರೀಲುಗಳಲ್ಲಿ ಮೊದಲ ಮತ್ತು ಕೊನೆಯದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. ಅವು 1913ರವೋ, 1917ರಲ್ಲಿ ಮತ್ತೆ ತೆಗೆದವೋ ಎಂಬ ವಾದ ಮುಗಿದಿಲ್ಲ. ಆ ಸಂಸ್ಥೆ ಕಟ್ಟಿದ ಪಿ.ಕೆ. ನಾಯರ್ 'ಕಾಳಿಯ ಮರ್ದನ'ದ ತುಣುಕುಗಳನ್ನು ಫಾಲ್ಕೆಯವರದೇ ಟಿಪ್ಪಣಿಯ ನೆರವಿನಿಂದ ಜೋಡಿಸಿದರು. 'ಬಿಲ್ವಮಂಗಲ'ದ (1919) ಒಂದು ಭಾಗ 2016ರಲ್ಲಿ ಪ್ಯಾರಿಸ್ಸಿನ ಸಂಗ್ರಹದಿಂದ ಬಂತು. ಶಿವರಾಮ ಕಾರಂತರು ತೆಗೆದ ಮೂಕಿಗಳು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ ಭವನಾನಿಯವರ 'ವಸಂತಸೇನಾ', ಕೊನೆಗೆ ಮೂಕಿಯೇ ಅಲ್ಲದ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934) ಯಾವುದೂ ನೋಡಲು ಸಿಗುವುದಿಲ್ಲ. ಹುಡುಕುವವರು ಬೆಂಗಳೂರಿಗಿಂತ ಮೊದಲು ಹೊರದೇಶದ ಭಂಡಾರಗಳ ಗುರುತು ಹಚ್ಚದ ಡಬ್ಬಿಗಳನ್ನು ನೋಡುವುದು ಒಳ್ಳೆಯದು; ಅದರ ಜೊತೆಗೆ ಕರಪತ್ರ, ಜಾಹೀರಾತು, ಸೆನ್ಸಾರ್ ದಾಖಲೆಗಳನ್ನು ಈಗಲೇ ಒಟ್ಟುಮಾಡಿಟ್ಟರೆ, ನಾಳೆ ಹೆಸರಿಲ್ಲದ ರೀಲೊಂದು ಸಿಕ್ಕಾಗ ಅದು ಯಾವ ಚಿತ್ರದ್ದೆಂದು ಹೇಳಲಾದರೂ ಆದೀತು.