ಉಳಿಯ ಬಾಯಿ ನೋಡಬೇಕು

ಬೀದರ್ ಜಿಲ್ಲೆಯ ಎಕಂಬಾದಲ್ಲಿ ಪತ್ತಾರಿಕೆ ಮಾಡುವ ಮನೆ ನಮ್ಮದು. ಊರಲ್ಲಿ ಯಾರೇ ಅಟ್ಟ ಇಳಿಸಲಿ, ಹೆಸರು ತಿಳಿಯದ ಕಬ್ಬಿಣದ ಸಾಮಾನು ನನ್ನ ಮುಂದೆ ಬರುತ್ತದೆ. ಹೋದ ಬೇಸಿಗೆಯಲ್ಲಿ ಬಂದದ್ದು ಗೇಣಿಗಿಂತ ಗಿಡ್ಡವಾದ ಒಂದು ಉಕ್ಕಿನ ಕಡ್ಡಿ. ಹಿಡಿಕೆ ಇಲ್ಲ, ತಲೆ ಅಣಬೆಯಂತೆ ಹರಡಿದೆ. ತುದಿ ಅರ್ಧಚಂದ್ರ, ಜೋಳದ ಕಾಳಿಗಿಂತ ಸಣ್ಣದು. “ಚಪ್ಪಲಿಗೆ ತೂತು ಹೊಡಿಯೋದು ಇರಬೇಕ್ರಿ ಪತ್ತಾರ್ರೇ” ಎಂದರು ತಂದವರು.

ಹಳೇ ಹತ್ಯಾರಕ್ಕೆ ಎರಡೂ ತುದಿ ಸಾಕ್ಷಿ. ಹರಡಿದ ತಲೆ ಸುತ್ತಿಗೆ ಏಟು ತಿಂದದ್ದನ್ನು ಹೇಳುತ್ತದೆ, ಉಳಿದದ್ದನ್ನು ಬಾಯಿ ಹೇಳಬೇಕು. ತೊಗಲು ತೂತು ಮಾಡುವುದಾದರೆ ಬಾಯಿ ಪೂರ್ತಿ ದುಂಡಗಿದ್ದು ಒಳಗೆ ಟೊಳ್ಳಿರಬೇಕು, ಕತ್ತರಿಸಿದ ಚೂರಿಗೆ ಜಾಗ ಬೇಡವೇ? ಇದು ಗಟ್ಟಿ ಕಡ್ಡಿ. ನಮ್ಮ ಕಸುಬಿನದೇ ಎನ್ನೋಣವೆಂದರೆ, ಉಬ್ಬುಕೆಲಸದ ಉಳಿಯ ಬಾಯಿ ಮೊಂಡಾಗಿ ನುಣುಪಾಗಿರುತ್ತದೆ. ಬೆಳ್ಳಿಯನ್ನು ಅರಗಿನ ಮೇಲಿಟ್ಟು ಒತ್ತಿ ಒತ್ತಿ ಹೂವು ಎಬ್ಬಿಸುತ್ತೇವೆ. ಅಂಗಡಿಯ ಕಸವನ್ನೂ ಗುಡಿಸಿ ಎತ್ತಿಡುವ ನಾವು ಬೆಳ್ಳಿಯನ್ನು ಸುಮ್ಮನೆ ಕೆತ್ತಿ ಚೆಲ್ಲುವವರಲ್ಲ. ಈ ಕಡ್ಡಿಗೋ ತುಕ್ಕಿನಡಿಯಲ್ಲೂ ಹರಿತವಿತ್ತು. ಸತುವಿನ ತುಂಡೊಂದರ ಮೇಲೆ ಓರೆಯಾಗಿಟ್ಟು ಬಡಿದೆ. ಸಣ್ಣದೊಂದು ಸುರುಳಿ ಎದ್ದುಬಂತು, ಕೆಳಗೆ ಹೂವಿನ ಎಸಳಿನ ಅಂಚು ಮೂಡಿತು.

ಅಗ್ಗದ ಲೋಹವನ್ನು ಹೀಗೆ ತೋಡಿ ತೆಗೆದು, ಆ ಗುಂಡಿಯಲ್ಲಿ ಬೆಳ್ಳಿ ಕೂಡಿಸುವ ಕಸುಬು ನಮ್ಮ ಜಿಲ್ಲೆಯಲ್ಲಿ ಒಂದೇ: ಬಿದರಿ. ಬಿದರಿಯವರು ಈ ಉಳಿಗಳಿಗೆ ಕಲಂ ಎನ್ನುತ್ತಾರೆ. ಗೆರೆಗೆ ಒಂದು, ಚುಕ್ಕಿಗೆ ಒಂದು, ಬಾಗುವ ಎಲೆಗೆ ಇನ್ನೊಂದು.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆ ಕಾಲದಲ್ಲೇ ಬಿದರಿ ಕೆಲಸ ಇರಾನಿನ ಕುಶಲಕರ್ಮಿಗಳ ಜೊತೆ ಬಂತು ಎಂಬ ಮಾತು ಕಸುಬಿನವರಲ್ಲಿ ಇಂದಿಗೂ ಇದೆ. ಬೀದರಿನ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪು ಕೂಡಿಸಿದ್ದಾರೆ. ಕಪ್ಪು ನೆಲದ ಮೇಲೆ ಬಿಳಿ ಹೂವು ಬಿಡಿಸುವ ಅದೇ ಹುಚ್ಚು.

ಬಿದರಿಯ ಮೂಲ ಲೋಹ ಸತು, ಅದಕ್ಕೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರ ಹಾಕಿ, ಮೈಲುತುತ್ತದ ನೀರು ಬಳಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಗೀಚಿದ ನಕ್ಷೆ ಎದ್ದು ಕಾಣಲೆಂದೇ ಇದು. ಆಮೇಲೆ ಕಲಂ ಓಡುತ್ತದೆ. ಬೆಳ್ಳಿ ತಂತಿ ಕೂಡಿಸಿದರೆ ತಾರಕಶಿ, ತಗಡಾದರೆ ತೆಹನಿಶಾನ್. ಬೆಸುಗೆಯಿಲ್ಲ, ಅಂಟಿಲ್ಲ. ತೋಡು ಬೆಳ್ಳಿಯನ್ನು ಕಚ್ಚಿ ಹಿಡಿಯಬೇಕು. ಅದಕ್ಕೇ ಬಾಯಿಗೆ ಇಷ್ಟು ಮಹತ್ವ. ಕೊನೆಗೆ ನಯಮಾಡಿ ಬಿಸಿಮಾಡಿ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ.

ಹಳೇ ಬಿದರಿ ಹುಕ್ಕಾ ಬುಡದ ಮೇಲಿನ ಗಸಗಸೆ ಹೂವುಗಳನ್ನು ನೋಡಿ, ಎಸಳು ಎಸಳಿಗೂ ಅಳತೆ ತಪ್ಪದಂತೆ ಕಾಣುತ್ತದೆ. ಬಾಗಿದ ಬಾಯಿಯ ಉಳಿ ಯಾಕೆ ಬೇಕಾಯಿತೆಂದು ಅಲ್ಲೇ ತಿಳಿಯುತ್ತದೆ.

ಬಿದರಿ ಪಾತ್ರೆ 1851ರಲ್ಲೇ ಲಂಡನ್ನಿನ ಮಹಾ ವಸ್ತುಪ್ರದರ್ಶನ ಕಂಡಿತು. ನಮ್ಮ ಕಾಲದಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2023ರಲ್ಲಿ ಬೀದರಿನ ಬಿದರಿ ಕುಶಲಕರ್ಮಿ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಪಾತ್ರೆ ಗಾಜಿನ ಕಪಾಟು ಸೇರುತ್ತದೆ, ಅದನ್ನು ಕೆತ್ತಿದ ಉಳಿ ಮೋಡಕಾ ತಕ್ಕಡಿ ಸೇರುತ್ತದೆ. ನಿಮ್ಮ ಅಟ್ಟದಲ್ಲೂ ಇಂಥದ್ದು ಸಿಕ್ಕರೆ ಮೊದಲು ಸಾಣೆ ಹಿಡಿಯಬೇಡಿ, ಸಾಣೆಗೆ ಸಿಕ್ಕಿದ ಬಾಯಿ ತನ್ನ ಕಸುಬು ಯಾವುದೆಂದು ಮತ್ತೆ ಹೇಳುವುದಿಲ್ಲ. ಬೀದರಿಗೆ ಹೋದಾಗ ಬಿದರಿ ಕಾರ್ಖಾನೆಯವರ ಕೈಗೊಮ್ಮೆ ಕೊಟ್ಟು ನೋಡಿ.