ಪರೋಪಕಾರ ಮತ್ತು ಆರೋಗ್ಯ

ಪರೋಪಕಾರ ಮತ್ತು ಆರೋಗ್ಯ: ಇನ್ನೊಬ್ಬರಿಗೆ ಮಾಡಿದ ಸಣ್ಣಪುಟ್ಟ ನೆರವು ಮಾಡಿದವರ ದೇಹ, ಮನಸ್ಸುಗಳಿಗೂ ಒಳಿತು ತರುವ ಬಗೆ. ನಾಟಿ, ಕುಯ್ಲಿನ ಕಾಲದ ಮುಯ್ಯಾಳಿನಲ್ಲಿ ಇಂದು ಕೊಟ್ಟ ದುಡಿಮೆ ನಾಳೆ ನಮ್ಮ ಹೊಲಕ್ಕೆ ಮರಳುತ್ತದೆ. ಆದರೆ ಬೇಸಿಗೆಯ ಅರವಟ್ಟಿಗೆಯಲ್ಲಿ ಮಜ್ಜಿಗೆ ಕುಡಿದು ಹೋದವರು ಯಾರೆಂಬುದೇ ಕೊಟ್ಟವರಿಗೆ ತಿಳಿಯದು. ಹೀಗೆ ಲೆಕ್ಕವಿಡದೆ ಮಾಡಿದ್ದನ್ನೇ ಇಲ್ಲಿ ಪರೋಪಕಾರ ಎನ್ನಲಾಗಿದೆ.

ಇದಕ್ಕೂ ಆಯುಸ್ಸಿಗೂ ಇರುವ ನಂಟನ್ನು ಎತ್ತಿ ತೋರಿಸಿದ್ದು ಅಮೆರಿಕದ ಸ್ಟೆಫನಿ ಬ್ರೌನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ. 423 ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿದಾಗ, ನೆರೆಹೊರೆಗೆ, ನೆಂಟರಿಷ್ಟರಿಗೆ ಕೈಲಾದ ಕೆಲಸ ಮಾಡಿಕೊಡುತ್ತಿದ್ದವರಲ್ಲಿ, ಸಂಗಾತಿಗೆ ಮನಸ್ಸಿನ ಆಸರೆಯಾಗಿದ್ದವರಲ್ಲಿ ಸಾವು ಕಡಿಮೆಯಿತ್ತು. ನೆರವು ಪಡೆದದ್ದರಿಂದ ಅಂಥ ಲಾಭ ಕಾಣಲಿಲ್ಲ. ಗಟ್ಟಿಮುಟ್ಟಾಗಿದ್ದವರೇ ನೆರವಿಗೆ ಓಡಿದ್ದಾರು ಎಂಬ ಆಕ್ಷೇಪ ಸಹಜ. ಮೊದಲಿನ ಆರೋಗ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿಯಿತಾದರೂ, ಆಕ್ಷೇಪಕ್ಕೆ ನೇರ ಉತ್ತರ ಕೊಡಬಲ್ಲದ್ದು ಪ್ರಯೋಗವೇ.

ಅಂಥದೊಂದು ಪ್ರಯೋಗ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾಯಿತು. ಹತ್ತನೆಯ ತರಗತಿಯ 106 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಹತ್ತು ವಾರ ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಸ್ವಯಂಸೇವೆಗೆ ಕಳುಹಿಸಲಾಯಿತು. ಕೊನೆಗೆ ರಕ್ತ ಪರೀಕ್ಷಿಸಿದಾಗ ಅವರ ಕೊಲೆಸ್ಟರಾಲ್ ಮತ್ತು ಉರಿಯೂತ ತೋರಿಸುವ ಇಂಟರ್‌ಲ್ಯೂಕಿನ್-6 ಇನ್ನೊಂದು ಗುಂಪಿನವರಿಗಿಂತ ಕಡಿಮೆಯಿದ್ದವು. ಮಕ್ಕಳೊಡನೆ ಬೆರೆಯುತ್ತ ಯಾರಲ್ಲಿ ಅನುಕಂಪ ಹೆಚ್ಚಿತೋ ಅವರಲ್ಲೇ ಸುಧಾರಣೆ ಹೆಚ್ಚು. ಇಡೀ ಅಧ್ಯಯನದಲ್ಲಿ ಇದೇ ಮುಖ್ಯವಾದ ವಿವರ.

ಹಣದ ವಿಷಯದಲ್ಲೂ ಹೀಗೆಯೇ. ಸಂಶೋಧಕಿ ಎಲಿಜಬೆತ್ ಡನ್ ಅವರ ತಂಡ 46 ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು ಸಂಜೆಯೊಳಗೆ ಖರ್ಚು ಮಾಡಲು ಹೇಳಿತು. ಬೇರೆಯವರಿಗಾಗಿ ಖರ್ಚು ಮಾಡಿದವರು, ಮೊತ್ತ ಎಷ್ಟೇ ಇರಲಿ, ಹೆಚ್ಚು ಸಂತೋಷವಾಗಿದ್ದರು (2008). ಹಣ ಸಿಕ್ಕಾಗ ಚುರುಕಾಗುವ ಮಿದುಳಿನ ಭಾಗಗಳೇ ದಾನ ಕೊಡಲು ನಿರ್ಧರಿಸಿದಾಗಲೂ ಚುರುಕಾಗುತ್ತವೆ.

ಆದರೆ ಪರೋಪಕಾರ ಔಷಧಕ್ಕೆ ಬದಲಿಯಲ್ಲ. 27 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2018ರ ವರದಿಯಂತೆ ಮನಸ್ಸಿಗೆ ಆಗುವ ಲಾಭ ನಿಜವಾದದ್ದು, ಪ್ರಮಾಣ ಮಾತ್ರ ಸಾಧಾರಣ. ತಪ್ಪಿಸಿಕೊಳ್ಳಲಾಗದ ಹೊರೆಯಾದಾಗ ಸೇವೆಯೂ ಜೀವ ಹಿಂಡುತ್ತದೆ: ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತ ಬಳಲಿದ ಹಿರಿಯರಲ್ಲಿ, ಅಂಥ ಹೊಣೆಯಿಲ್ಲದ ಹಿರಿಯರಿಗಿಂತ, ನಾಲ್ಕು ವರ್ಷಗಳೊಳಗಿನ ಸಾವಿನ ಅಪಾಯ ಶೇ. 63ರಷ್ಟು ಹೆಚ್ಚಿದ್ದುದನ್ನು 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ವರದಿ ಮಾಡಿದರು. ನಮ್ಮ ಮನೆಗಳಲ್ಲಿ ಈ ಹೊರೆ ಬಹುಮಟ್ಟಿಗೆ ಒಬ್ಬ ಹೆಂಗಸಿನ ಮೇಲೇ ಬೀಳುತ್ತದೆ. ರೋಗಿಯನ್ನು ನೋಡಲು ಹೋದವರು ಹಣ್ಣು ಕೊಟ್ಟು ಹೊರಟುಬಿಡದೆ, ಎರಡು ಗಂಟೆ ತಾವೇ ಹಾಸಿಗೆಯ ಬಳಿ ಕೂತು ಆಕೆಯನ್ನು ಮಲಗಲು ಕಳುಹಿಸಬೇಕು.